ಎರಡೇ ರೊಟ್ಟಿ ತಿಂದರೂ ತೂಕ ಇಳಿಯದೇಕೆ?

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ. ಇಲ್ಲಿ ತೂಕ ಇಳಿಸಲು ಹೊರಟವರು ಮೊದಲು ಎಣಿಸುವುದು ಜೋಳದ ರೊಟ್ಟಿಯನ್ನು.

ಲೆಕ್ಕ ತಪ್ಪುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಹಿಂಡಿಗೆ ಸುರಿದುಕೊಂಡ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ಹುರಿದ ಶೇಂಗಾ 30 ಗ್ರಾಂ ತಿಂದರೆ ಸುಮಾರು 170. ಸಂಜೆಯ ಮಂಡಾಳು ಒಗ್ಗರಣಿ, ಮಿರ್ಚಿ, ಚಹಾದ ಸಕ್ಕರೆ ಲೆಕ್ಕಕ್ಕೇ ಬರುವುದಿಲ್ಲ.

1992ರಲ್ಲಿ ನ್ಯೂಯಾರ್ಕ್ ಸಂಶೋಧಕರ ಅಧ್ಯಯನವೊಂದು ಪ್ರಕಟವಾಯಿತು. ಡಯಟ್ ಮಾಡಿದರೂ ತೂಕ ಇಳಿಯದ 10 ಜನ, ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು. ದೈಹಿಕ ಶ್ರಮವನ್ನು ಶೇ. 51ರಷ್ಟು ಹೆಚ್ಚು. ಅವರನ್ನು ಸುಳ್ಳುಗಾರರೆನ್ನುವುದು ಅನ್ಯಾಯ. ಕಣ್ಣಳತೆ ಎಲ್ಲರಿಗೂ ಕೈಕೊಡುತ್ತದೆ.

ಊಟ ಬಿಡಬೇಕಿಲ್ಲ. ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ. ತಿಂದದ್ದನ್ನು ಆಗಿಂದಾಗಲೇ ಬರೆದಿಡಿ, ಗೆಳೆಯರ ಜೊತೆ ತಿಂದ ಆ ಅರ್ಧ ಮಿರ್ಚಿಯನ್ನೂ ಸೇರಿಸಿ.