ಲ್ಯಾಪ್‌ಟಾಪಿನ ತಾಪವೂ ಕೂಲಿಂಗ್ ಪ್ಯಾಡಿನ ಆಯ್ಕೆಯೂ

ಓದುವ ಮಕ್ಕಳಿರುವ ಮನೆಯಲ್ಲಿ ಲ್ಯಾಪ್‌ಟಾಪೂ ಇರುವುದೆಂಬುದು ಈಗ ಸರ್ವಸಾಧಾರಣವಾದ ಸಂಗತಿ. ಎಂಜಿನಿಯರಿಂಗ್ ಮೊದಲಾದ ವಿಷಯಗಳನ್ನು ಅಭ್ಯಾಸಮಾಡುವ ತರುಣರು ಅದರಲ್ಲಿಯೂ ಗೇಮಿಂಗ್ ಲ್ಯಾಪ್‌ಟಾಪನ್ನೇ ಬಯಸುವರು. ಪಾಠಕ್ಕೂ ಆಟಕ್ಕೂ ಒಂದೇ ಯಂತ್ರವು ಒದಗುವುದೆಂಬುದು ಅವರ ವಾದ. ಆ ವಾದವು ಸುಳ್ಳೂ ಅಲ್ಲ. ಆದರೆ ಲಕ್ಷ ರೂಪಾಯಿಗಳ ಆಸುಪಾಸು ತೆತ್ತು ತಂದ ಯಂತ್ರವು ಬೇಸಗೆಯ ಮಧ್ಯಾಹ್ನದಲ್ಲಿ ಕೈಯಿಡಲಾಗದಷ್ಟು ಕಾದು, ಭೋರೆಂದು ಸದ್ದುಮಾಡತೊಡಗಿದಾಗ, ‘ಅಪ್ಪಾ, ಇದಕ್ಕೊಂದು ಕೂಲಿಂಗ್ ಪ್ಯಾಡ್ ಬೇಕು’ ಎಂಬ ಬೇಡಿಕೆಯು ಗೃಹಸ್ಥನ ಮುಂದೆ ಬಂದು ನಿಲ್ಲುವುದು. ಲ್ಯಾಪ್‌ಟಾಪಿನ ಅಡಿಯಲ್ಲಿಟ್ಟು ಗಾಳಿಯನ್ನು ಮೇಲಕ್ಕೆ ಬೀಸಿಸುವ, ಫ್ಯಾನುಗಳುಳ್ಳ ಮಣೆಯೇ ಈ ಕೂಲಿಂಗ್ ಪ್ಯಾಡು. ಇದು ಅವಶ್ಯವೇ, ಅವಶ್ಯವಾದರೆ ಎಂಥದನ್ನು ಆರಿಸತಕ್ಕದ್ದು ಎಂಬ ವಿಚಾರವನ್ನು ಈ ಲೇಖನದಲ್ಲಿ ವಾಚಕರ ಮುಂದಿಡುವೆವು.

ತಾಪದ ನಿದಾನ

ಬಲ್ಲ ವೈದ್ಯನು ಮೊದಲು ರೋಗದ ನಿದಾನವನ್ನು ತಿಳಿದು, ಅನಂತರ ಔಷಧವನ್ನು ಹೇಳುವನು. ಇಲ್ಲಿಯೂ ಅದೇ ಕ್ರಮವು ಯುಕ್ತವಾದುದು. ಈ ಯಂತ್ರದೊಳಗೆ ಮುಖ್ಯವಾದ ಎರಡು ಚಿಪ್‌ಗಳಿವೆ. ಒಂದು ಎಲ್ಲ ಲೆಕ್ಕಾಚಾರವನ್ನೂ ನಡೆಸುವ ಪ್ರೊಸೆಸರು. ಇನ್ನೊಂದು ತೆರೆಯ ಮೇಲಣ ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಚಿಪ್. ಆಟವಾಡುವಾಗ ಇವೆರಡೂ ಸೇರಿ 100 ವಾಟಿನಷ್ಟು, ದೊಡ್ಡ ಯಂತ್ರಗಳಲ್ಲಿ 150ರಿಂದ 200 ವಾಟಿನಷ್ಟು ವಿದ್ಯುತ್ತನ್ನು ಸೇವಿಸುವುವು. ಸೇವಿಸಿದುದೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬರಬೇಕು. ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 100 ವಾಟಿನ ಬಲ್ಬುಗಳೆರಡನ್ನು ಒಂದು ಪುಸ್ತಕದಷ್ಟು ದಪ್ಪದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಹೇಗಾಗುವುದೆಂದು ಊಹಿಸಿಕೊಂಡರೆ, ಈ ಯಂತ್ರದ ಕಷ್ಟವು ಅರ್ಥವಾಗುವುದು.

ಆ ಶಾಖವನ್ನು ಹೊರಗೆ ಸಾಗಿಸಲು ತಯಾರಕರು ಒಳ್ಳೆಯ ಉಪಾಯವನ್ನೇ ಮಾಡಿರುವರು. ಚಿಪ್‌ಗಳ ಮೇಲೆ ತಾಮ್ರದ ಚಪ್ಪಟೆ ಕೊಳವೆಗಳನ್ನು ಹಾಯಿಸಿರುವರು. ಕೊಳವೆಯೊಳಗಿನ ಅತ್ಯಲ್ಪ ದ್ರವವು ಬಿಸಿಯಾದ ತುದಿಯಲ್ಲಿ ಆವಿಯಾಗಿ, ತಂಪಾದ ತುದಿಯಲ್ಲಿ ಮತ್ತೆ ದ್ರವವಾಗಿ, ಹಿಂದಿರುಗಿ ಹರಿಯುತ್ತ, ಬಿಡುವಿಲ್ಲದೆ ಶಾಖವನ್ನು ಹೊರುವುದು. ಆ ತಂಪು ತುದಿಗೆ ತೆಳುವಾದ ಲೋಹದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿರುವರು. ಯಂತ್ರದ ಫ್ಯಾನುಗಳು ಬಹುಮಟ್ಟಿಗೆ ತಳದ ರಂಧ್ರಗಳಿಂದ ಗಾಳಿಯನ್ನು ಸೆಳೆದು, ಈ ಪಟ್ಟಿಗಳ ನಡುವೆ ನುಗ್ಗಿಸಿ, ಹಿಂಬದಿಯಿಂದಲೂ ಪಕ್ಕಗಳಿಂದಲೂ ಹೊರತಳ್ಳುವುವು.

ಚಿಪ್‌ನ ಉಷ್ಣತೆಯು ಸುಮಾರು 95ರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗಿನ ತನ್ನ ನಿಯತ ಮಿತಿಯನ್ನು ಮುಟ್ಟಿದರೆ, ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಆಗ ಆಟವು ತಡೆತಡೆದು ಸಾಗುವುದು. ಇದು ಯಂತ್ರದ ಆತ್ಮರಕ್ಷಣೆಯೇ ಹೊರತು ಕೆಟ್ಟುಹೋದುದರ ಲಕ್ಷಣವಲ್ಲ. ಆದರೆ ದಿನಂಪ್ರತಿ ಹೀಗೆಯೇ ಕಾಯುತ್ತಿದ್ದರೆ ಒಳಗಿರುವ ಲಿಥಿಯಂ ಬ್ಯಾಟರಿಯು ಬೇಗನೆ ಮುಪ್ಪಾಗುವುದು. ಆದಕಾರಣ ತಾಪವನ್ನು ಅಲಕ್ಷ್ಯಮಾಡುವುದೂ ವಿವೇಕವಲ್ಲ.

ಪ್ಯಾಡಿನ ಶಕ್ತಿಯ ಮಿತಿ

ಬೀಸಣಿಗೆಯು ಗಾಳಿಯನ್ನು ಚಲಿಸುವಂತೆ ಮಾಡುವುದೇ ವಿನಾ ತಣ್ಣಗೆ ಮಾಡುವುದಿಲ್ಲ. ಕೂಲಿಂಗ್ ಪ್ಯಾಡಿಗೂ ಇದೇ ನಿಯಮವು ಅನ್ವಯಿಸುವುದು. ಕೋಣೆಯಲ್ಲಿ ಎಂಥ ಗಾಳಿಯುಂಟೋ ಅಂಥದನ್ನೇ ಅದು ಯಂತ್ರಕ್ಕೆ ಊಡುವುದು. ಮೈಸೂರಿನ ಮಾರ್ಗಶಿರ ಮಾಸದ ಸಂಜೆಯಲ್ಲಿ ಚೆನ್ನಾಗಿ ನಡೆದ ಯಂತ್ರವು, ಬೇಸಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರು, ಕಲಬುರಗಿಗಳ ಮಧ್ಯಾಹ್ನದಲ್ಲಿ ಅದೇ ಪ್ಯಾಡಿನ ಮೇಲೆಯೇ ಬಳಲುವುದು ಸ್ವಾಭಾವಿಕ. ‘ಮಂಜಿನಂತೆ ತಂಪು’ ಎಂಬಂಥ ಜಾಹೀರಾತಿನ ಮಾತುಗಳನ್ನು ಈ ನ್ಯಾಯದಿಂದಲೇ ಅಳೆಯತಕ್ಕದ್ದು. ಅಲ್ಲದೆ ತಳದಲ್ಲಿ ರಂಧ್ರಗಳೇ ಇಲ್ಲದ ಲ್ಯಾಪ್‌ಟಾಪುಗಳೂ ಉಂಟು. ಅಂಥದರ ಅಡಿಯಲ್ಲಿ ಎಷ್ಟು ಬೀಸಿದರೂ ಹೊರಮೈ ತುಸು ತಂಪಾದೀತು. ಒಡಲಿನ ಬೇಗೆಯು ಹೆಚ್ಚಾಗಿ ತಗ್ಗದು.

ಖರ್ಚಿಲ್ಲದ ಚಿಕಿತ್ಸೆಗಳು

ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಪ್ರಯೋಜನಕರವೆಂದು ಭಾವಿಸುವೆವು. ಅವರ ಮಗನ ಯಂತ್ರವು ಮೂರನೆಯ ವರ್ಷದಲ್ಲಿ ಬಹಳವಾಗಿ ಕಾಯತೊಡಗಿತು. ಆರು ಫ್ಯಾನುಗಳ ಒಂದು ಪ್ಯಾಡನ್ನು ತಂದರು, ಗುಣ ಕಾಣಲಿಲ್ಲ. ಯಂತ್ರವೇ ಹಾಳಾಯಿತೆಂದು, ಮಗಳ ಕಾಲೇಜಿನ ಶುಲ್ಕಕ್ಕೆ ಕೂಡಿಟ್ಟ ಹಣದಿಂದ ಹೊಸದನ್ನು ಕೊಳ್ಳುವ ಯೋಚನೆಗೂ ಬಂದರು. ಅಷ್ಟರಲ್ಲಿ ರಿಪೇರಿ ಬಲ್ಲವನೊಬ್ಬನು ತಳವನ್ನು ಬಿಚ್ಚಿ ನೋಡಲಾಗಿ, ಲೋಹದ ಪಟ್ಟಿಗಳ ಬಾಯಿಗೆ ಹಾಸಿಗೆಯ ಹತ್ತಿಯ ಎಳೆಯೂ ಧೂಳೂ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಹುಡುಗನು ಹಾಸಿಗೆಯ ಮೇಲಿಟ್ಟುಕೊಂಡೇ ಆಡುತ್ತಿದ್ದನು. ಧೂಳನ್ನು ತೆಗೆದು, ಚಿಪ್‌ಗಳ ಮೇಲೆ ಒಣಗಿದ್ದ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿದ ಮೇಲೆ ಯಂತ್ರವು ಮೊದಲಿನಂತಾಯಿತು. ಶುಲ್ಕದ ಹಣವೂ ಉಳಿಯಿತು.

ಆದಕಾರಣ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಮಾಡತಕ್ಕ ಕಾರ್ಯಗಳು ನಾಲ್ಕುಂಟು. ಮೊದಲನೆಯದಾಗಿ, ಹಾಸಿಗೆ, ದಿಂಬು, ತೊಡೆ ಇವುಗಳ ಮೇಲಿಟ್ಟು ಆಡುವುದನ್ನು ನಿಲ್ಲಿಸತಕ್ಕದ್ದು. ಬಟ್ಟೆಯು ತಳದ ರಂಧ್ರಗಳನ್ನು ಮುಚ್ಚುವುದು. ಎರಡನೆಯದಾಗಿ, ಧೂಳನ್ನು ತೆಗೆಸತಕ್ಕದ್ದು. ಗ್ಯಾರಂಟಿಯ ಅವಧಿಯು ಉಳಿದಿದ್ದರೆ ತಯಾರಕರ ಸೇವಾಕೇಂದ್ರದಲ್ಲಿಯೇ ಮಾಡಿಸುವುದು ಕ್ಷೇಮ. ಮೂರನೆಯದಾಗಿ, ಆಟದ ಸೆಟ್ಟಿಂಗಿನಲ್ಲಿ ಒಂದು ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆಯನ್ನು 60ಕ್ಕೆ ಮಿತಿಗೊಳಿಸತಕ್ಕದ್ದು. ಎಷ್ಟೋ ಆಟಗಳಲ್ಲಿ ಯಂತ್ರವು ನೂರಕ್ಕೂ ಮಿಕ್ಕಿ ಚಿತ್ರಗಳನ್ನು ರಚಿಸುತ್ತ ಸುಮ್ಮನೆ ದಣಿಯುವುದು. ನಾಲ್ಕನೆಯದು ಒಂದು ಪರೀಕ್ಷೆ. ಯಂತ್ರದ ಹಿಂಬದಿಯ ಎರಡು ಮೂಲೆಗಳ ಕೆಳಗೆ, ರಂಧ್ರಗಳಿಗೆ ಅಡ್ಡಬಾರದಂತೆ, ಎರಡು ಮೂರು ಸೆಂಟಿಮೀಟರ್ ಎತ್ತರದ ಮರದ ತುಂಡುಗಳನ್ನಿಟ್ಟು ಅರ್ಧ ಗಂಟೆ ಆಡಿಸಿ, ಚಿಪ್‌ಗಳ ಉಷ್ಣತೆಯನ್ನು ಬರೆದುಕೊಳ್ಳತಕ್ಕದ್ದು. ಉಷ್ಣತೆಯನ್ನು ತೋರಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುವುವು. ತುಂಡುಗಳಿಲ್ಲದೆಯೂ ಅದೇ ಕೋಣೆಯಲ್ಲಿ ಅದೇ ಆಟವನ್ನು ಅಷ್ಟೇ ಹೊತ್ತು ಆಡಿಸಿ ಹೋಲಿಸಿದರೆ, ಗಾಳಿಯ ದಾರಿಯಲ್ಲಿ ಕೊರತೆಯುಂಟೋ ಇಲ್ಲವೋ ತಿಳಿಯುವುದು. ಬರಿಯ ಎತ್ತರದಿಂದಲೇ ಸಾಕಷ್ಟು ಗುಣವು ಕಂಡರೆ, ಫ್ಯಾನಿಲ್ಲದ ಒಂದು ಸಾದಾ ಸ್ಟ್ಯಾಂಡೇ ಸಾಕು.

ಪ್ಯಾಡುಗಳ ಜಾತಿಗಳು

ಇಷ್ಟರಿಂದಲೂ ತಾಪವು ತಗ್ಗದಿದ್ದರೆ ಪ್ಯಾಡಿನ ವಿಚಾರಕ್ಕೆ ಬರಬಹುದು. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳು. ಮೊದಲನೆಯದು ಲೋಹದ ಜಾಲರಿಯ ಕೆಳಗೆ ಒಂದರಿಂದ ಆರರವರೆಗೆ ಫ್ಯಾನುಗಳಿರುವ ತೆರೆದ ಪ್ಯಾಡು. ಸಾವಿರದಿಂದ ಎರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುವುದು ಹೆಚ್ಚಾಗಿ ಇದೇ. ಇದರ ಗಾಳಿಯಲ್ಲಿ ಬಹುಭಾಗವು ಯಂತ್ರದ ತಳಕ್ಕೆ ತಾಕಿ ಬದಿಗಳಿಂದ ಸೋರಿಹೋಗುವುದರಿಂದ, ಕೆಲವೇ ಡಿಗ್ರಿಗಳ ಗುಣವನ್ನು ಮಾತ್ರ ನಿರೀಕ್ಷಿಸತಕ್ಕದ್ದು. ಎರಡನೆಯದರಲ್ಲಿ ಒಂದು ದೊಡ್ಡ ಫ್ಯಾನೂ ಸುತ್ತಲೂ ಮೆತ್ತನೆಯ ಫೋಮಿನ ಅಂಚೂ ಇರುವುವು. ಯಂತ್ರವು ಆ ಅಂಚಿನ ಮೇಲೆ ಒತ್ತಿ ಕೂರುವುದರಿಂದ ಗಾಳಿಗೆ ರಂಧ್ರಗಳೊಳಗೆ ನುಗ್ಗುವುದಲ್ಲದೆ ಬೇರೆ ದಾರಿಯಿಲ್ಲ. ಗುಣವು ಇದರಲ್ಲಿಯೇ ಹೆಚ್ಚು. ಆದರೆ ಬೆಲೆಯು ಹಲವು ಪಾಲು ಅಧಿಕ, ಪೂರ್ಣವೇಗದಲ್ಲಿ ಸದ್ದೂ ಬಹಳ. ಪಕ್ಕದ ಕೋಣೆಯಲ್ಲಿ ವೃದ್ಧರೋ ಹಸುಗೂಸೋ ಮಲಗುವ ಮನೆಗಳಲ್ಲಿ ಇದನ್ನು ಯೋಚಿಸಿಯೇ ತರತಕ್ಕದ್ದು.

ಕೊಳ್ಳುವಾಗ ಗಮನಿಸತಕ್ಕವು

ಮೊದಲು ಯಂತ್ರವನ್ನು ಮಗುಚಿ, ತಳದ ರಂಧ್ರಗಳು ಎಲ್ಲಿವೆಯೆಂದು ನೋಡಿ, ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳತಕ್ಕದ್ದು. ಪ್ಯಾಡಿನ ಫ್ಯಾನು ಆ ರಂಧ್ರಗಳ ನೇರಕ್ಕೆ ಬರಬೇಕು. ಫೋಮಿನ ಜಾತಿಯಾದರೆ ರಂಧ್ರಗಳೆಲ್ಲವೂ ಅಂಚಿನ ಒಳಗೆ ಬೀಳಬೇಕು. ಇದೊಂದು ಹೊಂದದಿದ್ದರೆ ಉಳಿದ ಯಾವ ಗುಣವೂ ಲೆಕ್ಕಕ್ಕಿಲ್ಲ.

ಫ್ಯಾನುಗಳ ಸಂಖ್ಯೆಗೆ ಮರುಳಾಗಬಾರದು. ಹಳೆಯ ಮಾದರಿಯ ಯು.ಎಸ್.ಬಿ. ಕಿಂಡಿಯಿಂದ ನಿಯಮದಂತೆ ದೊರೆಯುವುದು ಎರಡೂವರೆ ವಾಟ್ ಮಾತ್ರ. ಅಷ್ಟರಿಂದಲೇ ತಿರುಗುವ ಆರು ಫ್ಯಾನುಗಳು ಎರಡು ಫ್ಯಾನುಗಳ ಮೂರರಷ್ಟು ಗಾಳಿಯನ್ನು ಬೀಸಲಾರವು. ಮೇಲಾಗಿ ಅಷ್ಟೇ ಗಾಳಿಯನ್ನು ಮೆಲ್ಲನೆ ತಿರುಗುವ ದೊಡ್ಡ ಫ್ಯಾನು ಕಡಿಮೆ ಸದ್ದಿನಿಂದ ಕೊಡುವುದು. ಸಣ್ಣ ಫ್ಯಾನು ಅದಕ್ಕಾಗಿ ಕಿರುಚಬೇಕಾಗುವುದು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗಾಳಿಯ ಪ್ರಮಾಣವು ಸಾಧಾರಣವಾಗಿ ಎದುರಿಗೆ ಅಡ್ಡಿಯಿಲ್ಲದಿರುವಾಗಿನದು. ಕಿರಿದಾದ ರಂಧ್ರಗಳ ಮುಂದೆ ಅಷ್ಟು ನಡೆಯದು.

15.6 ಅಂಗುಲದ ಯಂತ್ರಕ್ಕೂ 17.3 ಅಂಗುಲದ ಯಂತ್ರಕ್ಕೂ ಒಂದೇ ಮಣೆಯು ಸರಿಹೋಗದಿರಬಹುದು. ಯಂತ್ರವು ಜಾರದಂತೆ ಮುಂಬದಿಯಲ್ಲಿ ತಡೆಯಿರಬೇಕು. ಆ ತಡೆಯು ಕೈಗೆ ಒತ್ತಬಾರದು. ವೇಗವನ್ನು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿಯಿದ್ದರೆ ರಾತ್ರಿಯ ವೇಳೆಗೆ ಅನುಕೂಲ. ಹೆಚ್ಚು ಗಾಳಿಯೆಂದರೆ ಹೆಚ್ಚು ಧೂಳೂ ಹೌದು. ಆದ್ದರಿಂದ ಬಿಚ್ಚಿ ತೊಳೆಯಬಹುದಾದ ಧೂಳಿನ ಜಾಲರಿಯುಳ್ಳದ್ದು ಮೇಲು. ಬಣ್ಣಬಣ್ಣದ ದೀಪಗಳಿಂದ ಒಂದು ಡಿಗ್ರಿಯೂ ತಗ್ಗುವುದಿಲ್ಲವಾದರೂ ಬೆಲೆಯು ಮಾತ್ರ ಏರುವುದುಂಟು. ಗುಣ ಕಾಣದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವರೇ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು. ಮನೆಗೆ ತಂದ ಮೇಲೆ ಮರದ ತುಂಡುಗಳ ಪರೀಕ್ಷೆಯನ್ನೇ ಪ್ಯಾಡಿಗೂ ಮಾಡಿ, ಅಂಕಿಗಳನ್ನು ಹೋಲಿಸತಕ್ಕದ್ದು.

ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳದೆ ಮುಗಿಸಲಾಗದು. ಯಂತ್ರದ ತಳವು ಉಬ್ಬಿದಂತೆ ಕಂಡರೆ, ಮುಚ್ಚಳವು ಸರಿಯಾಗಿ ಮುಚ್ಚದಿದ್ದರೆ, ಕೀಲಿಮಣೆಯೋ ಟಚ್‌ಪ್ಯಾಡೋ ಮೇಲೆದ್ದಿದ್ದರೆ, ಅದು ಬ್ಯಾಟರಿಯು ಊದಿಕೊಂಡ ಗುರುತಾಗಿರಬಹುದು. ಅದಕ್ಕೆ ಯಾವ ಕೂಲಿಂಗ್ ಪ್ಯಾಡೂ ಮದ್ದಲ್ಲ, ಬೆಂಕಿಯ ಅಪಾಯವುಂಟು. ಕೂಡಲೇ ಯಂತ್ರವನ್ನು ನಿಲ್ಲಿಸಿ, ಚಾರ್ಜರನ್ನು ತೆಗೆದು, ಬ್ಯಾಟರಿಯನ್ನು ಒತ್ತದೆ ಚುಚ್ಚದೆ, ಬಲ್ಲವರಲ್ಲಿಗೆ ಒಯ್ಯತಕ್ಕದ್ದು.

ಮಕ್ಕಳ ಬೇಡಿಕೆಯನ್ನು ಕೇಳಿದೊಡನೆ ತಳ್ಳಿಬಿಡುವುದೂ ಸರಿಯಲ್ಲ, ವಿಚಾರಿಸದೆ ಪೂರೈಸುವುದೂ ಸರಿಯಲ್ಲ. ಒಂದು ಭಾನುವಾರ ತಂದೆಯೂ ಮಗನೂ ಕೂಡಿ ಕುಳಿತು, ಮೇಲೆ ಹೇಳಿದ ಪರೀಕ್ಷೆಯನ್ನು ನಡೆಸಿ, ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡಲಿ. ಅಂಕಿಗಳು ಬೇಕೆಂದರೆ ಪ್ಯಾಡನ್ನು ಸಂತೋಷದಿಂದ ತರಬಹುದು. ಬೇಡವೆಂದರೆ ಮಗನೂ ಅದನ್ನು ಮುನಿಸಿಲ್ಲದೆ ಒಪ್ಪುವನೆಂದು ನಮ್ಮ ನಂಬಿಕೆ.