ಗಂಡಸಿನ ಮೆದುಳು, ಹೆಂಗಸಿನ ಮೆದುಳು



"ಗಂಡಸರ ಮೆದುಳೇ ಬೇರೆ, ಹೆಂಗಸರ ಮೆದುಳೇ ಬೇರೆ" ಎಂಬ ಮಾತನ್ನು ತಾವೆಲ್ಲ ಕೇಳಿರುತ್ತೀರಿ. ಗಂಡ ಹೆಂಡತಿಯ ಮಾತಿಗೆ ಕಿವಿಗೊಡದಿದ್ದರೆ ಇದೇ ನೆಪ. ಹೆಂಡತಿಗೆ ಲೆಕ್ಕ ತಿಳಿಯದೆಂದು ಆಕೆಯ ಪಾಸ್‌ಬುಕ್ಕನ್ನು ಗಂಡ ತಾನೇ ಇಟ್ಟುಕೊಂಡರೂ ಇದೇ ನೆಪ. ಈ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಇಂದು ನೋಡೋಣ.

ವ್ಯತ್ಯಾಸವೇ ಇಲ್ಲವೆಂದಲ್ಲ. ಗಂಡಸಿನ ಮೆದುಳು ಸರಾಸರಿ ಶೇಕಡಾ 11ರಷ್ಟು ದೊಡ್ಡದು. ಆದರೆ ಸರಾಸರಿ ಅವನ ಮೈಕಟ್ಟೂ ದೊಡ್ಡದೇ. ಗಾತ್ರದಿಂದಲೇ ಬುದ್ಧಿ ಬರುವುದಾದರೆ, ನಮ್ಮ ಮೂರು ಪಟ್ಟು ಮೆದುಳಿರುವ ಆನೆಯೇ ಬ್ಯಾಂಕಿನ ಮ್ಯಾನೇಜರ್ ಆಗಬೇಕಿತ್ತು!

2015ರಲ್ಲಿ ಇಸ್ರೇಲಿನ ವಿಜ್ಞಾನಿ ದಾಫ್ನಾ ಜೋಯೆಲ್ ಮತ್ತು ಸಂಗಡಿಗರು 1,400ಕ್ಕೂ ಹೆಚ್ಚು ಜನರ ಮೆದುಳಿನ ಎಂ.ಆರ್.ಐ. ಚಿತ್ರಗಳನ್ನು ಪರೀಕ್ಷಿಸಿದರು. ಕೆಲವು ಭಾಗಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಸರಾಸರಿ ಅಂತರವಿತ್ತು. ಆದರೆ ಎಲ್ಲ ಭಾಗಗಳೂ ಒಂದೇ ಕಡೆ ವಾಲಿದ ಮೆದುಳು ಅಪರೂಪ. ಎರಡೂ ಬಗೆ ಬೆರೆತ ಮೆದುಳುಗಳೇ ಅದಕ್ಕಿಂತ ಹೆಚ್ಚು. ನಮ್ಮ ಮನೆಯ ಕೌದಿಯಂತೆ ಎನ್ನಿ: ಧೋತರದ ತುಂಡೂ ಉಂಟು, ಸೀರೆಯ ತುಂಡೂ ಉಂಟು.

ಹೆಂಗಸರು ಮಾತುಗಾರ್ತಿಯರು ಎಂಬ ಅಪವಾದವೂ ಇದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿ ಲೆಕ್ಕ ಹಾಕಿದರು. ಹುಡುಗಿಯರೂ ಹುಡುಗರೂ ದಿನಕ್ಕೆ ಹೆಚ್ಚುಕಡಿಮೆ 16,000 ಶಬ್ದಗಳನ್ನೇ ಆಡಿದ್ದರು.

ಇನ್ನೊಂದು ಮಾತು. ಬಳಸಿದಂತೆ ಮೆದುಳು ಪಳಗುತ್ತದೆ. ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಮರಾಠಿ ಮನೆಯಿಂದ ಬಂದ ಸೊಸೆ ನಾಲ್ಕು ಹಬ್ಬ ಕಳೆಯುವುದರೊಳಗೆ ಅತ್ತೆಯೊಂದಿಗೆ ಕನ್ನಡದಲ್ಲೇ ಜಗಳವಾಡುವುದಿಲ್ಲವೇ? ಕಲಿಯಬೇಕಾಯಿತು, ಕಲಿತಳು.

ಈಗ ನನ್ನ ತಪ್ಪೊಪ್ಪಿಗೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನೂರಾರು ಖಾತೆದಾರರ ಸಹಿ ನೋಡಿದೊಡನೆ ಗುರುತಿಸುತ್ತಿದ್ದೆ. ಸಾಲ ಕೇಳಲು ಬಂದವರ ಕಷ್ಟವನ್ನು ತಾಳ್ಮೆಯಿಂದ ಕೇಳುತ್ತಿದ್ದೆ. ಮನೆಯಲ್ಲಿ ಮಾತ್ರ, ಮೊಣಕಾಲು ನೋವೆಂದು ನನ್ನಾಕೆ ಮೂರು ಸಲ ಹೇಳಿದರೂ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಕೊನೆಗೆ, "ಗಂಡಸರ ತಲೀನೇ ಹಂಗ, ಲಕ್ಷ್ಯ ಇರೂದಿಲ್ಲ" ಎಂದುಬಿಟ್ಟೆ. ಆಕೆ ಅಂದಳು: "ಕೌಂಟರಿನ್ಯಾಗ ಇರೂ ತಲಿ ಬ್ಯಾರೆ ಏನ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಕೊರತೆ ಇದ್ದದ್ದು ಮೆದುಳಿನಲ್ಲಲ್ಲ, ಮನಸ್ಸು ಮಾಡುವುದರಲ್ಲಿ.

ಆದ್ದರಿಂದ ಯಜಮಾನರೇ, ಇಂದು ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮನೆಯಾಕೆಯ ಮಾತು ಕೇಳಿರಿ. ನಡುವೆ ಉಪದೇಶ ಬೇಡ. ತಾಯಂದಿರೇ, "ಅವರಿಗೆ ಹೇಳಿ ಏನುಪಯೋಗ" ಎಂದು ಮಾತು ನುಂಗಬೇಡಿರಿ. ಪಾಸ್‌ಬುಕ್ಕನ್ನು ಇಬ್ಬರೂ ಕೂಡಿ ಓದಿರಿ. ಕೌದಿಯ ಹೊಲಿಗೆ ಬಿಚ್ಚಿದ್ದರೆ ಮತ್ತೆ ಹಾಕಲು ಬರುತ್ತದೆ.