ಬ್ರೆಜಿಲಿಯನ್ ಜಿಯು-ಜಿತ್ಸು: ಬೆಲ್ಟ್ ಬಡ್ತಿ ಮತ್ತು ಪಂದ್ಯಾವಳಿ

ಬ್ರೆಜಿಲಿಯನ್ ಜಿಯು-ಜಿತ್ಸು ಎಂಬುದು ಎದುರಾಳಿಯನ್ನು ನೆಲಕ್ಕೆ ಕೆಡವಿ, ಹಿಡಿತದಲ್ಲಿಟ್ಟುಕೊಂಡು, ಕೀಲು ತಿರುಚುವ ಅಥವಾ ಕತ್ತು ಬಿಗಿಯುವ ಪಟ್ಟುಗಳಿಂದ ಸೋಲೊಪ್ಪಿಸುವ ಸಮರಕಲೆ ಹಾಗೂ ಕ್ರೀಡೆ. ಇದರ ಪಂದ್ಯಗಳಲ್ಲಿ ಗುದ್ದುವುದಕ್ಕಾಗಲಿ ಒದೆಯುವುದಕ್ಕಾಗಲಿ ಅವಕಾಶವಿಲ್ಲ. ಸೊಂಟಕ್ಕೆ ಕಟ್ಟುವ ಬೆಲ್ಟಿನ ಬಣ್ಣವು ಅಭ್ಯಾಸಿಯ ಮಟ್ಟವನ್ನು ಸೂಚಿಸುತ್ತದೆ. ಬೆಲ್ಟನ್ನು ಗುರು ನೀಡುತ್ತಾನೆ. ಪದಕವು ಪಂದ್ಯಾವಳಿಯಲ್ಲಿ ದೊರೆಯುತ್ತದೆ. ಇವೆರಡೂ ಪ್ರತ್ಯೇಕ ವ್ಯವಸ್ಥೆಗಳಾಗಿದ್ದರೂ ಒಂದನ್ನೊಂದು ಪರೀಕ್ಷೆಗೆ ಒಡ್ಡುತ್ತಲೇ ಇರುತ್ತವೆ.

ಹಿನ್ನೆಲೆ

ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ದೇಶಕ್ಕೆ ಬಂದನು. ಅಲ್ಲಿನ ಬೆಲೆಮ್ ನಗರದಲ್ಲಿ ಅವನ ಪರಂಪರೆಯ ವಿದ್ಯೆಯನ್ನು ಕಲಿತ ಕಾರ್ಲೋಸ್ ಗ್ರೇಸಿ ಹಾಗೂ ಅವನ ತಮ್ಮ ಹೀಲಿಯೊ ಗ್ರೇಸಿ ಮುಂತಾದವರು ನೆಲದ ಮೇಲಿನ ಕಾದಾಟಕ್ಕೆ ಒತ್ತುಕೊಟ್ಟು ಅದನ್ನು ಬೆಳೆಸಿದರು. ‘ಗಿ’ ಎಂಬ ದಪ್ಪ ಬಟ್ಟೆಯ ಅಂಗಿಯೂ ಬೆಲ್ಟ್ ಕಟ್ಟುವ ಪದ್ಧತಿಯೂ ಜೂಡೋದಿಂದ ಬಂದ ಬಳುವಳಿಗಳು. ಇಂದು ಹೆಚ್ಚಾಗಿ ಅನುಸರಿಸಲಾಗುವ ನಿಯಮಗಳು ಕಾರ್ಲೋಸ್ ಗ್ರೇಸಿ ಜೂನಿಯರ್ ಸ್ಥಾಪಿಸಿದ ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟಕ್ಕೆ (ಐಬಿಜೆಜೆಎಫ್) ಸೇರಿದವು.

ಬೆಲ್ಟ್‌ಗಳ ಶ್ರೇಣಿ

ವಯಸ್ಕರಿಗೆ ಬಿಳಿ, ನೀಲಿ, ನೇರಳೆ, ಕಂದು ಮತ್ತು ಕಪ್ಪು ಎಂಬ ಐದು ಬೆಲ್ಟ್‌ಗಳಿವೆ. 16 ವರ್ಷಕ್ಕಿಂತ ಕೆಳಗಿನವರಿಗೆ ಬಿಳಿಯ ನಂತರ ಬೂದು, ಹಳದಿ, ಕಿತ್ತಳೆ, ಹಸಿರು ಬಣ್ಣಗಳಿವೆ. ಒಕ್ಕೂಟದ ಸಾಮಾನ್ಯ ನಿಯಮದಂತೆ ನೀಲಿ ಬೆಲ್ಟಿನಲ್ಲಿ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ 1 ವರ್ಷವಾದರೂ ಕಳೆಯಬೇಕು. ಕಪ್ಪು ಬೆಲ್ಟ್ ಪಡೆಯಲು ಕನಿಷ್ಠ 19 ವರ್ಷ ವಯಸ್ಸಾಗಿರಬೇಕು. ವಾಸ್ತವದಲ್ಲಿ ಬಿಳಿಯಿಂದ ಕಪ್ಪಿಗೆ ಏರಲು ಅನೇಕರಿಗೆ ಹತ್ತು ವರ್ಷಗಳೇ ಬೇಕಾಗುತ್ತವೆ.

ಕಪ್ಪು ಬೆಲ್ಟಿನ ನಂತರ ‘ಡಿಗ್ರಿ’ಗಳಿವೆ. ಏಳನೆಯ ಡಿಗ್ರಿಗೆ ಕೆಂಪು-ಕಪ್ಪು, ಎಂಟನೆಯದಕ್ಕೆ ಕೆಂಪು-ಬಿಳಿ, ಒಂಬತ್ತನೆಯದಕ್ಕೆ ಕೆಂಪು ಬೆಲ್ಟ್. ಹತ್ತನೆಯ ಡಿಗ್ರಿ ಈ ಕಲೆಯ ಮೂಲಪುರುಷರಿಗೆ ಮೀಸಲು.

ಬಡ್ತಿ ನೀಡುವ ಕ್ರಮ

ಎಲ್ಲ ಶಾಲೆಗಳಿಗೂ ಅನ್ವಯಿಸುವ ಏಕರೂಪದ ಪರೀಕ್ಷೆಯಿಲ್ಲ. ಶಿಷ್ಯನು ಸಹಪಾಠಿಗಳೊಡನೆ ನಿಜವಾಗಿ ಸೆಣಸುವಾಗ ತೋರುವ ಸಾಮರ್ಥ್ಯ, ಹಾಜರಿ, ನಡವಳಿಕೆ ಇವುಗಳನ್ನು ದೀರ್ಘಕಾಲ ಗಮನಿಸಿ ಗುರುವೇ ತೀರ್ಮಾನಿಸುವುದು ವಾಡಿಕೆ. ಬೆಲ್ಟಿನ ತುದಿಗೆ ಸುತ್ತುವ ನಾಲ್ಕು ಪಟ್ಟೆಗಳು ನಡುವಿನ ಪ್ರಗತಿಯನ್ನು ತೋರಿಸುತ್ತವೆ. ಪಂದ್ಯಾವಳಿಗಳಲ್ಲಿ ಎಂದೂ ಭಾಗವಹಿಸದವರಿಗೂ ಬಡ್ತಿ ದೊರೆಯಬಹುದು.

ಪಂದ್ಯದ ನಿಯಮಗಳು

ಸ್ಪರ್ಧಿಗಳನ್ನು ಬೆಲ್ಟ್, ವಯಸ್ಸು, ಲಿಂಗ ಮತ್ತು ತೂಕಗಳಿಗೆ ಅನುಸಾರವಾಗಿ ವಿಂಗಡಿಸಲಾಗುತ್ತದೆ. ವಯಸ್ಕರ ವಿಭಾಗದಲ್ಲಿ ಬಿಳಿ ಬೆಲ್ಟಿನವರ ಪಂದ್ಯ 5 ನಿಮಿಷ, ನೀಲಿ 6, ನೇರಳೆ 7, ಕಂದು 8, ಕಪ್ಪು 10 ನಿಮಿಷ. ಎದುರಾಳಿ ಕೈಯಿಂದ ತಟ್ಟಿ ಅಥವಾ ಬಾಯಿಮಾತಿನಿಂದ ಸೋಲೊಪ್ಪಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಅಂಕಗಳು ನಿರ್ಣಾಯಕವಾಗುತ್ತವೆ.

ಎದುರಾಳಿಯನ್ನು ನೆಲಕ್ಕೆ ಕೆಡವಿದರೆ 2 ಅಂಕ. ಕೆಳಗಿದ್ದವನು ಕಾಲುಗಳಿಂದ ಎದುರಾಳಿಯನ್ನು ತಡೆದಿಡುವ ಭಂಗಿಗೆ ‘ಗಾರ್ಡ್’ ಎಂದು ಹೆಸರು. ಅಲ್ಲಿಂದ ಎದುರಾಳಿಯನ್ನು ಉರುಳಿಸಿ ತಾನು ಮೇಲೆ ಬಂದರೆ 2 ಅಂಕ. ಮೇಲಿದ್ದವನು ಆ ಕಾಲುಗಳ ತಡೆಯನ್ನು ದಾಟಿದರೆ 3 ಅಂಕ. ಹೊಟ್ಟೆಯ ಮೇಲೆ ಮೊಣಕಾಲೂರಿದರೆ 2 ಅಂಕ. ಮೈಮೇಲೆ ಕುಳಿತರೆ ಅಥವಾ ಬೆನ್ನನ್ನು ವಶಪಡಿಸಿಕೊಂಡರೆ 4 ಅಂಕ. ಸಾಧಿಸಿದ ಸ್ಥಿತಿಯನ್ನು 3 ಸೆಕೆಂಡು ಉಳಿಸಿಕೊಂಡರೆ ಮಾತ್ರ ಅಂಕ ದೊರೆಯುತ್ತದೆ.

ಬೆಲ್ಟ್ ಎಂಬುದು ಗೌರವದ ಗುರುತು ಮಾತ್ರವಲ್ಲ, ಸುರಕ್ಷತೆಯ ಏರ್ಪಾಡೂ ಹೌದು. ಮೊಣಕಾಲನ್ನು ನೇರವಾಗಿ ಚಾಚಿ ಒತ್ತುವ ಪಟ್ಟು ವಯಸ್ಕರಲ್ಲಿ ಕಂದು ಮತ್ತು ಕಪ್ಪು ಬೆಲ್ಟಿನವರಿಗೆ ಮಾತ್ರ ಅನುಮತಿಸಲ್ಪಟ್ಟಿದೆ. ಹಿಮ್ಮಡಿ ಹಿಡಿದು ತಿರುಚುವ ಪಟ್ಟನ್ನು ಗಿ ಧರಿಸಿ ಆಡುವ ಪಂದ್ಯಗಳಲ್ಲಿ ಎಲ್ಲರಿಗೂ ನಿಷೇಧಿಸಲಾಗಿದೆ. ಅದರಿಂದ ನೋವು ಅರಿವಿಗೆ ಬರುವ ಮೊದಲೇ ಮೊಣಕಾಲಿನ ಕಟ್ಟು ಹರಿಯುವ ಸಂಭವವುಂಟು.

ಪ್ರಮುಖ ಪಂದ್ಯಾವಳಿಗಳು

ಒಕ್ಕೂಟದ ವಿಶ್ವ ಚಾಂಪಿಯನ್‌ಷಿಪ್ 1996ರಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ಆರಂಭವಾಯಿತು. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಸ್ಥಳಾಂತರಗೊಂಡಿತು. 1998ರಲ್ಲಿ ಅಬುಧಾಬಿಯಲ್ಲಿ ಆರಂಭವಾದ ಎಡಿಸಿಸಿ ಪಂದ್ಯಾವಳಿಯಲ್ಲಿ ಗಿ ಇಲ್ಲದೆ ಸೆಣಸಲಾಗುತ್ತದೆ. ಅಲ್ಲಿ ಬೆಲ್ಟಿನ ಪ್ರಕಾರ ವಿಂಗಡಣೆಯಿಲ್ಲ.

ಚರ್ಚೆಗಳು

ಬಡ್ತಿಯು ಗುರುವಿನ ವಿವೇಚನೆಗೆ ಬಿಟ್ಟ ವಿಷಯವಾದುದರಿಂದ ಎರಡು ಬಗೆಯ ಆಕ್ಷೇಪಗಳು ಕೇಳಿಬರುತ್ತವೆ. ಅರ್ಹತೆಗೆ ಮೊದಲೇ ಬೆಲ್ಟ್ ನೀಡಿದರೆ ಅದರ ಬೆಲೆ ಕುಗ್ಗುತ್ತದೆ. ಅಲ್ಲದೆ ಅಂಥ ಸ್ಪರ್ಧಿಯು ತನಗಿಂತ ಪಳಗಿದವರೆದುರು, ಹೆಚ್ಚು ಅಪಾಯಕಾರಿ ಪಟ್ಟುಗಳ ನಡುವೆ ನಿಲ್ಲಬೇಕಾಗುತ್ತದೆ. ಪದಕದಾಸೆಯಿಂದ ಸಮರ್ಥನನ್ನು ಕೆಳಗಿನ ಬೆಲ್ಟಿನಲ್ಲಿಯೇ ಉಳಿಸಿಕೊಂಡರೆ ಹೊಸಬರಿಗೆ ಅನ್ಯಾಯವಾಗುತ್ತದೆ. ಇನ್ನೊಂದೆಡೆ, ಅಸಾಧಾರಣ ಪ್ರತಿಭೆಗೆ ಕಾಲಾವಧಿಯೇ ಅಳತೆಯಲ್ಲ ಎಂಬುದಕ್ಕೆ ಅಮೆರಿಕದ ಬಿ.ಜೆ. ಪೆನ್ ಉದಾಹರಣೆ. ಸುಮಾರು ಮೂರೇ ವರ್ಷಗಳ ಅಭ್ಯಾಸದಲ್ಲಿ ಕಪ್ಪು ಬೆಲ್ಟ್ ಪಡೆದ ಆತ, 2000ದಲ್ಲಿ ಕಪ್ಪು ಬೆಲ್ಟ್ ವಿಭಾಗದ ವಿಶ್ವ ಚಾಂಪಿಯನ್ ಆದ ಮೊದಲ ಬ್ರೆಜಿಲೇತರ ಸ್ಪರ್ಧಿಯೆನಿಸಿದನು. ಗುರುವಿನ ತೀರ್ಮಾನವನ್ನು ಪಂದ್ಯಾವಳಿ ಎತ್ತಿಹಿಡಿದ ಪ್ರಸಂಗವಿದು.